ಹೊಟ್ಟೆ ಮುಂದೆ, ನಾನು ಹಿಂದೆ

ಕಾಟರ್ಸ್ ಬೆಂಡಿನಲ್ಲಿ ಮೊದಲ ಎರಡು ವರ್ಷ
ಎಲ್ಲರೂ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಿದ್ದರು,
ಅದು ನನಗಲ್ಲ, ರಸ್ತೆಗೆ.

ಈಗ ಹೊಟ್ಟೆ ಮುಂದೆ, ನಾನು ಹಿಂದೆ.
ಅಂಗಡಿಯ ಬಾಗಿಲನ್ನು ಅದೇ ತೆರೆಯುತ್ತದೆ.

ಮೇವಿನಂಗಡಿಯ ಲೂಥರ್ ಪಿಕನ್ಸ್
ನನ್ನನ್ನು ಪಕ್ಕದಿಂದ ನೋಡಿದ, ಹಿಂದಿನಿಂದ ನೋಡಿದ:
"ಈ ಕೈಯಲ್ಲಿ ನೂರಾರು ಕರು ಎಳೆದಿದ್ದೇನೆ ತಾಯಿ,
ಗಂಡೇ. ಬರೆದಿಟ್ಟುಕೋ."

ಪೆಟ್ರೋಲ್ ಬಂಕಿನ ಪಕ್ಕ, ಟ್ರಕ್ಕಿನ ಹಿಂಬದಿಯಲ್ಲಿ ಕುಳಿತು
ಬೇಯಿಸಿದ ಶೇಂಗಾ ಮಾರುವವಳು
ತನ್ನ ಉಂಗುರ ಬಿಚ್ಚಿ, ನನ್ನದೇ ಕೂದಲು ಕಿತ್ತು ಕಟ್ಟಿ
ಹೊಟ್ಟೆಯ ಮೇಲೆ ತೂಗಬಿಟ್ಟಳು.
ಸುತ್ತಿದರೆ ಹೆಣ್ಣು, ಜೋಲಿದರೆ ಗಂಡು.
ಹಿಂದೆ ಮೂರು ಕಾರು. ಯಾರೂ ಹಾರ್ನ್ ಹೊಡೆಯಲಿಲ್ಲ,
ಫಲಿತಾಂಶ ಅವರಿಗೂ ಬೇಕಿತ್ತು.
ಚಿಲ್ಲರೆಯ ಜೊತೆ ಸಣ್ಣದೊಂದು ಪೊಟ್ಟಣ ಇಟ್ಟಳು, ಬಿಳಿ ಜೇಡಿಮಣ್ಣು.
"ಮೊದಲ ಮಳೆಯ ವಾಸನೆಗೆ ಬಾಯಿ ನೀರೂರುತ್ತೆ, ಅಲ್ವಾ?
ನಾಚಬೇಡ. ನಾವೆಲ್ಲ ತಿಂದವರೇ."

ಕೇಳುವ ಪ್ರಶ್ನೆ ಮೂರೇ ಮೂರು:
ಎಷ್ಟು ತಿಂಗಳು, ಯಾವ ಚರ್ಚು,
ನಿಮ್ಮ ಮಂದಿ ಯಾರು?
ಒಹಾಯೊ ಅಂದರೆ
ಕಾಯಿಲೆಯ ಹೆಸರು ಕೇಳಿದಂತೆ ತೋಳು ಸವರುತ್ತಾರೆ.

ಅದಕ್ಕೇ ಸುಳ್ಳು ಹೇಳತೊಡಗಿದೆ.
ಕೆಟ್ಟ ಸುಳ್ಳಲ್ಲ, ದಾರಿಖರ್ಚಿನ ಸುಳ್ಳು.
ಮೇವಿನಂಗಡಿಯಲ್ಲಿ ಆರು ತಿಂಗಳು,
ಬ್ಯಾಂಕಿನಲ್ಲಿ ಎಂಟು, ಅಂಚೆ ಕಚೇರಿಯಲ್ಲಿ ಅವಳಿ.
ಹೆಸರು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು:
ಆಗಸ್ಟಾ, ಕ್ಲೀಟಸ್, ಒಫೀಲಿಯ.
ಔಷಧಿ ಅಂಗಡಿಯ ಹುಡುಗಿಗೆ ಹೆಸರು ತೋಚದೆ
ನಾನು ಹುಟ್ಟಿದ ಊರಿನದನ್ನೇ ಹೇಳಿದೆ, ಟೊಲೀಡೊ.
ಪಾಪ, ಅಕ್ಷರ ಕೇಳಿಕೊಂಡು ಬರೆದುಕೊಂಡಳು.

ನನ್ನವನು ಟಗ್ ದೋಣಿಯ ಮೇಲೆ,
ಇಪ್ಪತ್ತೆಂಟು ದಿನ ನೀರು, ಹದಿನಾಲ್ಕು ದಿನ ಮನೆ.
ಫೋನಿನಲ್ಲಿ ನಕ್ಕ:
"ಇದು ನಮ್ಮೂರು ಕಣೇ.
ಬೆಳಗ್ಗೆ ಬಿಟ್ಟ ಸುಳ್ಳೆಲ್ಲ ಸಂಜೆಗೆ ಒಂದೇ ಜಗಲಿಗೆ ಬಂದು ಕೂರುತ್ತವೆ."

ಬಂದು ಕೂತವು.
ಬುಧವಾರ ರಾತ್ರಿ ಚರ್ಚಿನ ಊಟದ ಮೇಜಿನಲ್ಲಿ
ಫ್ಯಾನಿನ ಕೆಳಗೆ, ಬೆಂಡೆಕಾಯಿ ಹುರಿದದ್ದರ ಮುಂದೆ
ಲೆಕ್ಕ ಕೂಡಿಸಿದರಂತೆ:
ಒಂದು ಬಸುರಿಗೆ ನಾಲ್ಕು ಹೆಸರು, ಮೂರು ದಿನಾಂಕ.
ಬೈಯಲಿಲ್ಲ ಯಾರೂ. ಹೊಟ್ಟೆಗೆ ಹಾಕಿಕೊಂಡರು.
ಮರುವಾರ ಮೆಟ್ಟಿಲ ಮೇಲೆ
ಕೈಯಲ್ಲಿ ಹೆಣೆದ ನಾಲ್ಕು ಜೊತೆ ಕಾಲುಚೀಲ,
ಒಂದೊಂದಕ್ಕೂ ಗುಂಡುಸೂಜಿಯಲ್ಲಿ ಹೆಸರಿನ ಚೀಟಿ.
ಟೊಲೀಡೊ ಎಂಬುದರ ಕೆಳಗೆ ಪೆನ್ಸಿಲಿನಲ್ಲಿ:
ನಿಜವಾಗಿಯೂ?

ನಾಣ್ಯ ಹಾಕುವ ಲಾಂಡ್ರಿಯಲ್ಲಿ, ಶುಕ್ರವಾರ,
ಮೋಟೆಲಿನ ಹಾಸುಗಳನ್ನು ಮಡಿಸುವ ಮುದುಕಿ, ವರ್ನೆಲ್ ಸ್ಪ್ರಾಗಿನ್ಸ್.
ಎಷ್ಟು ತಿಂಗಳು ಅನ್ನಲಿಲ್ಲ.
"ಎಷ್ಟನೆಯದು?" ಅಂದಳು.

ಬಾಯಲ್ಲಿ ಸುಳ್ಳು ಸಿದ್ಧವಾಗಿಯೇ ಇತ್ತು.
"ಎರಡನೆಯದು" ಅಂದೆ.
ಮೊದಲನೆಯದು ಎಲ್ಲಿ ಎಂದು ಅವಳು ಕೇಳಲಿಲ್ಲ.
ಯಂತ್ರದ ಗಾಜಿನಲ್ಲಿ ಯಾರದೋ ಕೆಂಪು ಅಂಗಿ
ಮೇಲೆ ಬಂತು, ಮುಳುಗಿತು, ಮತ್ತೆ ಬಂತು.

ಹಾಸಿನ ಎರಡು ತುದಿ ನನ್ನ ಕೈಗೆ ಕೊಟ್ಟಳು.
ಹತ್ತಿರ ಬರಬೇಕು, ತುದಿ ಕೂಡಿಸಬೇಕು, ಹಿಂದೆ ಸರಿಯಬೇಕು.
ನಡುವೆ ಹೊಟ್ಟೆ,
ಪೂರ್ತಿ ಹತ್ತಿರ ಬರಲಾಗಲಿಲ್ಲ ಇಬ್ಬರಿಗೂ.
"ನನ್ನದು ಒಂಬತ್ತು ದಿನ ಇತ್ತು," ಅಂದಳು.
"ಅರವತ್ತೆಂಟನೇ ಇಸವಿ. ಲೆಮ್ಯುಯೆಲ್ ಅಂತ."
ಮಡಿಕೆಯನ್ನು ಅಂಗೈಯಲ್ಲಿ ಒತ್ತಿದಳು.
"ಎಷ್ಟು ಕಾಲವಾಯಿತೋ, ಬಾಯಿಬಿಟ್ಟು ಆ ಹೆಸರು ಅಂದು."

ಈ ಮಾತು ಬುಧವಾರದ ಮೇಜಿಗೆ ಹೋಗಲಿಲ್ಲ.
ನನಗೆ ಗೊತ್ತು,
ಮತ್ತೆ ಕಾಲುಚೀಲ ಬರಲಿಲ್ಲ.

ಒಣಗಿಸುವ ಯಂತ್ರ ನಡುವೆಯೇ ನಿಂತುಬಿಟ್ಟಿತು.
"ಇನ್ನೊಂದು ನಾಣ್ಯ ಕೇಳುತ್ತೆ ಇದು, ಹಾಳಾದ್ದು," ಅಂದಳು.
ನನ್ನ ಹತ್ತಿರ ಇತ್ತು.